ಸಿಡಿಲ ಲೆಕ್ಕದ ಮನೆ

ಸೀಗೆಗುಂದಿಯ ಸಿಡಿಲ ಲೆಕ್ಕದ ಮನೆ ಊರ ಹೊರಗಿನ ಹಳೆಯ ಹತ್ತಿ ಗೋದಾಮಿನಲ್ಲಿತ್ತು. ಗೋದಾಮಿನ ಅರ್ಧಕ್ಕೆ ಗೋಡೆ ಎಬ್ಬಿಸಿ, ತಂಪು ಯಂತ್ರ ಕೂರಿಸಿ, ಒಳಗೆ ಒಂದು ಕಬ್ಬಿಣದ ಕಪಾಟು ನಿಲ್ಲಿಸಿದ್ದರು. ಕಪಾಟಿನಲ್ಲಿ ಎಂಟು ಗ್ರಾಫಿಕ್ಸ್ ಕಾರ್ಡುಗಳಿದ್ದವು. ಹುಡುಗರ ಆಟಗಳಲ್ಲಿ ಚಿತ್ರ ಬಿಡಿಸಲೆಂದು ಹುಟ್ಟಿದ ಈ ಕಾರ್ಡುಗಳು ಒಂದೇ ಬಗೆಯ ಸಣ್ಣ ಸಣ್ಣ ಲೆಕ್ಕಗಳನ್ನು ಸಾವಿರಗಟ್ಟಲೆ ಒಮ್ಮೆಗೇ ಮಾಡಬಲ್ಲವು. ಆ ಗುಣದಿಂದಾಗಿಯೇ ಅವು ಆಟ ಬಿಟ್ಟು ಮೋಡದ ಕೆಲಸಕ್ಕೆ ಬಂದಿದ್ದವು.

ಸುತ್ತಲಿನ ಕಪ್ಪು ಮಣ್ಣಿನ ಎರಿಭೂಮಿಯಲ್ಲಿ ಅಲ್ಲಲ್ಲಿ ಕಂಬ ನೆಟ್ಟು, ತುದಿಗೆ ತಿರುಗುವ ತಟ್ಟೆಗಳನ್ನು ಜೋಡಿಸಿದ್ದರು. ಮೋಡದ ಹೊಟ್ಟೆಯಲ್ಲಿ ವಿದ್ಯುತ್ತು ಕೂಡಿದಷ್ಟೂ ಕೆಳಗಿನ ನೆಲದ ಮೇಲೆ ಅದರ ಸೆಳೆತ ಹೆಚ್ಚುತ್ತದೆ. ತಟ್ಟೆಗಳು ಅದನ್ನು ಅಳೆದು ಲೆಕ್ಕದ ಮನೆಗೆ ಕಳಿಸುತ್ತಿದ್ದವು. ಯಂತ್ರ ಇಡೀ ಬಯಲನ್ನು ಹೊಲದಷ್ಟು ಹೊಲದಷ್ಟು ಚೌಕ ಮಾಡಿ, ಯಾವ ಚೌಕದಲ್ಲಿ ಸಿಡಿಲು ಬೀಳುವ ಸಂಭವ ಹೆಚ್ಚು, ಯಾವುದರಲ್ಲಿ ಕಡಿಮೆ ಎಂದು ಲೆಕ್ಕ ಹಾಕುತ್ತಿತ್ತು. ಇದನ್ನು ದೂರದ ಪಟ್ಟಣದ ದೊಡ್ಡ ಯಂತ್ರಗಳಿಗೆ ಬಿಡುವಂತಿರಲಿಲ್ಲ. ಮೋಡ ಕವಿದರೆ ಮೊದಲು ಸಾಯುವುದು ಫೋನಿನ ಟವರು. ಆದ್ದರಿಂದ ಲೆಕ್ಕ ಊರಲ್ಲೇ ಆಗಬೇಕಿತ್ತು, ಉತ್ತರ ಊರಿನದೇ ರೇಡಿಯೋದಲ್ಲಿ ಹೋಗಬೇಕಿತ್ತು.

ಉತ್ತರ ಹೋಗುತ್ತಿದ್ದುದು ಕುರಿಗಾರರಿಗೆ. ಆ ಬಯಲಿನಲ್ಲಿ ಮರ ಕಡಿಮೆ. ಮೋಡದ ಕೆಳಗೆ ಎಲ್ಲಕ್ಕಿಂತ ಎತ್ತರವಾಗಿ ನಿಂತಿರುವವನು ಬಹಳ ಸಲ ಕುರಿ ಕಾಯುವವನೇ. ಪ್ರತಿಯೊಬ್ಬನ ಕೋಲಿಗೂ ಅಂಗೈಯಗಲದ ಒಂದು ಪೆಟ್ಟಿಗೆ ಕಟ್ಟಿದ್ದರು. ಅದು ಮಾತಾಡುತ್ತದೆಂದು ಅವರು ಅದನ್ನು ಗಿಣಿ ಎಂದು ಕರೆಯುತ್ತಿದ್ದರು. ಗಿಣಿಯ ದನಿ ಮಾಳವ್ವನದು. ಮೊದಲು ಪುಸ್ತಕದ ಕನ್ನಡದ ಒಂದು ದನಿ ಇತ್ತು. ಅದು ‘ಪಶ್ಚಿಮಕ್ಕೆ ತೆರಳಿ’ ಎಂದರೆ ಯಾರೂ ಅಲುಗುತ್ತಿರಲಿಲ್ಲ. ಲೆಕ್ಕದ ಮನೆ ನೋಡಿಕೊಳ್ಳಲು ನೇಮಕವಾದ ಮಾಳವ್ವ ಡಿಪ್ಲೊಮಾ ಓದಿದವಳು, ಕುರಿಗಾರರ ಮನೆಯಲ್ಲೇ ಹುಟ್ಟಿದವಳು. ಅವಳು ‘ಪಡುವಣ ಹಳ್ಳಕ್ಕ ಇಳೀರಿ’ ಎಂದು ತನ್ನ ದನಿ ಹಾಕಿದ ಮೇಲೆ ಜನ ಇಳಿಯತೊಡಗಿದರು.

ಎರಡು ವರ್ಷ ಯಂತ್ರ ಚೆನ್ನಾಗಿ ನಡೆಯಿತು. ಮೂರನೆಯ ಬೇಸಿಗೆಯಲ್ಲಿ, ಒಂದು ದೊಡ್ಡ ಮೋಡದ ಕೆಳಗೆ, ಲೆಕ್ಕ ಅರ್ಧದಲ್ಲಿರುವಾಗ ಒಂದು ಕಾರ್ಡು ಬಿತ್ತು. ಬಿತ್ತು ಎಂದರೆ ನೆಲಕ್ಕಲ್ಲ. ಫ್ಯಾನು ತಿರುಗುತ್ತಲೇ ಇತ್ತು, ದೀಪ ಉರಿಯುತ್ತಲೇ ಇತ್ತು, ಆದರೆ ಯಂತ್ರ ಕರೆದರೆ ಕಾರ್ಡು ಓಗೊಡಲಿಲ್ಲ. ಒಂದರ ಲೆಕ್ಕ ಇನ್ನೊಂದಕ್ಕೆ ಬೇಕಿದ್ದರಿಂದ ಎಂಟೂ ನಿಂತವು. ಮಾಳವ್ವ ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸುವಷ್ಟರಲ್ಲಿ ಮೋಡ ನೆತ್ತಿಯ ಮೇಲಿತ್ತು. ಅಷ್ಟು ಹೊತ್ತೂ ಗಿಣಿಗಳು ಅವಳ ದನಿಯಲ್ಲಿ ಹೇಳುತ್ತಿದ್ದುದು ಒಂದೇ ಮಾತು: ‘ಲೆಕ್ಕ ನಡದೈತಿ, ಅಲ್ಲೇ ನಿಲ್ರಿ.’ ಕರಿಯಪ್ಪ ಎಂಬ ಕುರಿಗಾರ ನಿಂತ. ಅವನನ್ನು ಮರುದಿನ ಹೊತ್ತು ತಂದರು.

ಆಮೇಲೆ, ಲೆಕ್ಕ ನಡೆಯುವಾಗಿನ ಆ ಮಾತನ್ನು ಹಾಗೇ ಇಟ್ಟು, ಯಂತ್ರ ಬಿದ್ದಾಗ ಹೇಳಲು ಬೇರೆ ಮಾತು ಹಾಕಿದರು. ಈಗ ಯಂತ್ರ ಬಿದ್ದರೆ ಗಿಣಿ, ‘ಲೆಕ್ಕ ನಿಂತೈತಿ, ನಿಮ್ಮ ದಾರಿ ನೀವು ನೋಡ್ಕೋರಿ’ ಎನ್ನುತ್ತಿತ್ತು. ಈ ವರ್ಷದ ಮೊದಲ ಮೋಡಕ್ಕೇ ಯಂತ್ರ ಮತ್ತೆ ಬಿತ್ತು, ಗಿಣಿಯೂ ಹಾಗೆಯೇ ಅಂದಿತು. ಮಾಳವ್ವನ ತಮ್ಮ ಹಾಲಪ್ಪ ಆ ದಿನ ಕುರಿಗಳ ನಡುವೆ ಕುಕ್ಕರಗಾಲಲ್ಲಿ ಕೂತು ಮಳೆ ಕಳೆದ. ಸಂಜೆ ಗಿಣಿಯ ಗುಂಡಿ ಒತ್ತಿ ಅದನ್ನು ಆರಿಸಿದ. ಮತ್ತೆ ಹಚ್ಚಲಿಲ್ಲ.

ಜಿಲ್ಲೆಯಿಂದ ಇಮ್ತಿಯಾಜ್ ಎಂಬ ಎಂಜಿನಿಯರ್ ಬಂದ. ಗಂಗಾವತಿ ಕಡೆಯ ಹುಡುಗ. ಬಂದವನೇ, ಹೊರಗಿನ ಧೂಳು ಒಳಗೆ ಹೋಗದಂತೆ ಕಾಲಿಗೆ ಚೀಲ ಕಟ್ಟಿಕೊಂಡು, ಒಳಗೆ ಹೋಗಿ ಕಪಾಟು ಬಿಚ್ಚಿದ. ಗೋದಾಮಿನ ಇನ್ನರ್ಧದಲ್ಲಿ ಈಗಲೂ ಹತ್ತಿ ತುಂಬುತ್ತಿದ್ದರು. ಕಾರ್ಡುಗಳ ರೆಕ್ಕೆಗಳ ಸಂದಿಯಲ್ಲೆಲ್ಲ ಬಿಳಿಯ ನಾರು ಕೂತು ಹಕ್ಕಿಗೂಡಿನಂತಾಗಿತ್ತು. ಇದೇ ರೋಗ ಎಂದು ಇಬ್ಬರಿಗೂ ಖುಷಿಯಾಯಿತು. ಗಾಳಿ ಊದಿ ತೆಗೆದರು. ಕಾರ್ಡಿನ ಚಿಪ್‌ಗೂ ಅದರ ತಂಪಿನ ತಗಡಿಗೂ ನಡುವೆ ಹಚ್ಚುವ ಲೇಪ ಒಣಗಿ ಸುಣ್ಣವಾಗಿತ್ತು. ಕೆರೆದು ಹೊಸದು ಹಚ್ಚಿದರು. ಕಾರ್ಡುಗಳ ಬಿಸಿ ಇಳಿಯಿತು. ಮುಂದಿನ ಮೋಡಕ್ಕೆ ಯಂತ್ರ ಮತ್ತೆ ಬಿತ್ತು.

ಈ ಸಲ ಇಮ್ತಿಯಾಜ್ ಊರಲ್ಲೇ ಉಳಿದ. ಬಿದ್ದದ್ದು ಏಳನೆಯ ಕಾರ್ಡು. ಅದನ್ನು ಕಿತ್ತು ಮೂರನೆಯದರ ಜಾಗಕ್ಕೆ ಹಾಕಿ, ಮೂರನೆಯದನ್ನು ಅಲ್ಲಿ ಕೂರಿಸಿದ. ಒಂದು ಕೇಬಲಿನಿಂದ ಎರಡು ಕವಲು ತೆಗೆದು ಒಂದೇ ಕಾರ್ಡಿಗೆ ಚುಚ್ಚಿದ್ದ ಕಡೆ ಬೇರೆ ಬೇರೆ ಕೇಬಲು ಎಳೆದ. ಕಾರ್ಡುಗಳನ್ನು ನಡೆಸುವ ತಂತ್ರಾಂಶ ಅಳಿಸಿ ಹೊಸದಾಗಿ ಹಾಕಿದ. ಹೆಚ್ಚಿನ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ಮಾಳವ್ವ ಉಪ್ಪು ಸುರಿದು ಕೊಡಗಟ್ಟಲೆ ನೀರು ಹಾಕಿದಳು. ಕರಿಯಪ್ಪ ಸತ್ತ ದಿನದ ಮೋಡದ ಅಂಕಿಗಳನ್ನೇ ಮತ್ತೆ ಯಂತ್ರಕ್ಕೆ ಉಣ್ಣಿಸಿ, ನಿಚ್ಚಳ ಬಿಸಿಲಲ್ಲಿ ಇಡೀ ದಿನ ಓಡಿಸಿದರು. ಎಂಟು ಕಾರ್ಡುಗಳೂ ಭೋರ್ಗರೆದವು, ಒಂದೂ ಬೀಳಲಿಲ್ಲ.

ಇನ್ನೊಂದು ಉಪಾಯವಿತ್ತು. ಕಾರ್ಡುಗಳಿಗೆ ಇಷ್ಟಕ್ಕಿಂತ ಹೆಚ್ಚು ಕರೆಂಟು ಕುಡಿಯಬೇಡ ಎಂದು ಕಟ್ಟು ಹಾಕಬಹುದು. ಹಾಗೆ ಮಾಡಿದರು. ಆಗ ಬಂದ ಒಂದು ಪುಟ್ಟ ಮೋಡಕ್ಕೆ ಯಂತ್ರ ಬೀಳದೆ ದಡ ಮುಟ್ಟಿತು. ಉತ್ತರವೂ ಬಂತು, ಮೋಡ ಕಳೆದು ಎಳೆ ಬಿಸಿಲು ಬಿದ್ದ ಮೇಲೆ. ಕಟ್ಟು ಬಿಚ್ಚಿದರು.

‘ಬಿಸಿ ಅಲ್ಲಕ್ಕಾ ಇದು. ಕರೆಂಟಿಂದ ಐತಿ’ ಎಂದ ಇಮ್ತಿಯಾಜ್, ನೆಲದ ಮೇಲೆ ಕೂತು ಚಹಾ ಕುಡಿಯುತ್ತ. ‘ಕಾರ್ಡು ಒಮ್ಮಿಂದೊಮ್ಮಿಗೆ ಜೋರು ಎಳೀತದ, ಕಣ್ಣು ಮಿಟುಕಿಸೋದ್ರಾಗ. ಅದೇ ಹೊತ್ತಿನಾಗ ವೋಲ್ಟೇಜ್ ಕುಸದ್ರ ಮುಗೀತು. ಆದ್ರ ಮೋಡ ಬಂದಾಗ ಅಷ್ಟ ಯಾಕ ಕುಸೀತದ ಅನ್ನೋದು ತಿಳಿವಲ್ದು.’

ಬ್ಯಾಟರಿ ಇರಲಿಲ್ಲವೆಂದಲ್ಲ. ಕರೆಂಟು ಪೂರ್ತಿ ಹೋದರೆ ಬ್ಯಾಟರಿ ಕೆಲಸಕ್ಕೆ ಬರುತ್ತಿತ್ತು. ಆದರೆ ಈ ಊರಿನ ವೋಲ್ಟೇಜು ದಿನವೂ ಏರಿಳಿದು, ಬ್ಯಾಟರಿ ಮಾತುಮಾತಿಗೆ ಎದ್ದು ಕೂತು ಮೊದಲ ವರ್ಷವೇ ಮುದಿಯಾಗಿತ್ತು. ಆಗ ಬಂದ ಯಾರೋ, ಕರೆಂಟು ತೀರಾ ಸಾಯುವ ತನಕ ಏಳಬೇಡ ಎಂದು ಅದಕ್ಕೆ ಹೇಳಿಟ್ಟು ಹೋಗಿದ್ದರು. ಅರೆಜೀವದ ಕರೆಂಟಿಗೆ ಅದು ಏಳುತ್ತಿರಲಿಲ್ಲ. ಎಬ್ಬಿಸಿದರೂ ಪೂರ್ಣ ಭಾರ ಹೊತ್ತು ಒಂದು ಮೋಡ ದಾಟಿಸುವ ಶಕ್ತಿ ಅದಕ್ಕಿರಲಿಲ್ಲ. ಹೊಸ ಬ್ಯಾಟರಿ ಬರುವುದು ಮುಂದಿನ ವರ್ಷ ಎಂದಿದ್ದರು. ಮುಂಗಾರಿನ ದೊಡ್ಡ ಮೋಡಗಳು ಬರುವುದು ಈ ತಿಂಗಳು.

ಆ ವಾರ ಹಾಲಪ್ಪನ ಹಿಂಡು ಮಾಳವ್ವನ ಗಂಡ ಫಕೀರಪ್ಪನ ಹೊಲದಲ್ಲಿ ತಂಗಿತ್ತು. ಬಿತ್ತನೆಗೆ ಮುಂಚೆ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ತರುಬಿಸುವುದು, ರಾತ್ರಿ ನಿಲ್ಲಿಸುವುದು, ಅಲ್ಲಿಯ ರೂಢಿ. ಮಧ್ಯಾಹ್ನ ಉಣ್ಣಲು ಬಂದ ತಮ್ಮನ ಕೋಲನ್ನು ಮಾಳವ್ವ ನೋಡಿದಳು. ಗಿಣಿಯ ಮೇಲೆ ಬಟ್ಟೆ ಸುತ್ತಿತ್ತು. ಫಕೀರಪ್ಪ ನಗೆಯಾಡಿದ. ಅಕ್ಕನ ಮಾತು ಕೇಳಲಾರದೆ ಭಾವಮೈದುನ ಅದರ ಬಾಯಿ ಕಟ್ಟಿದ್ದಾನೆ, ಆ ವಿದ್ಯೆ ತನಗೂ ಒಂದಿಷ್ಟು ಕಲಿಸಲಿ ಎಂದ. ಹಾಲಪ್ಪ ನಕ್ಕ, ಮಾಳವ್ವ ನಗಲಿಲ್ಲ. ಇನ್ನೇನು ಸರಿಹೋಗುತ್ತದೆ, ಹಚ್ಚಿಕೋ ಎಂದಳು.

ಹಾಲಪ್ಪ ರೊಟ್ಟಿ ಮುರಿದು, ಅಗಿದು, ನುಂಗಿ, ಆಮೇಲೆ ಹೇಳಿದ.

‘ಯಕ್ಕಾ, ಇದು ಇಲ್ದಾಗ ಮೂಡಣದಾಗ ಕಪ್ಪ ಕಂಡಕೂಡ್ಲೇ ಹಳ್ಳದ ಕಡೆ ಹೊಡಕೊಂಡು ಹೋಗ್ತಿದ್ವಿ. ತಪ್ಪೋ ಒಪ್ಪೋ, ಕಾಲು ನಡೀತಿದ್ವು. ಈಗ ನಿನ್ನ ಗಿಣಿ ಮೊದ್ಲ ನಿಲ್ಲು ಅಂತೈತಿ. ಮೋಡ ತಲಿ ಮ್ಯಾಲ ಬಂದಿಂದ ನಿನ್ನ ದಾರಿ ನೀ ನೋಡ್ಕೋ ಅಂತೈತಿ. ಆವಾಗ ಎಲ್ಲೀ ದಾರಿ? ಕರಿಯಪ್ಪ ದಡ್ಡ ಅಲ್ಲ. ಅಂವ ನಿನ್ನ ನಂಬಿ ನಿಂತಾ.’

ಮಾಳವ್ವನ ಅತ್ತೆ ದ್ಯಾಮವ್ವ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ಉಣ್ಣುವಾಗ ಇಂಥ ಮಾತು ಬೇಡ ಎಂದಳು. ಆದರೆ ಮಾಳವ್ವನಿಗೆ ತನ್ನ ಕೆಲಸವೇನೆಂಬುದು ಸ್ಪಷ್ಟವಾಯಿತು. ಅರ್ಧದಲ್ಲಿ ಬೀಳುವ ಯಂತ್ರ ಯಂತ್ರವೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಮುಂಗಾರು ಬರುವುದರೊಳಗೆ ಅದು ದಡ ಮುಟ್ಟುವಂತಾಗಬೇಕು, ಇಲ್ಲವೇ ತಾನೇ ಅದರ ಬಾಯಿ ಮುಚ್ಚಬೇಕು.

ಮುಂದಿನ ಮೋಡ ಬಂದ ದಿನ ಇಮ್ತಿಯಾಜ್ ಯಂತ್ರದ ಮುಂದೆ ತಾನೇ ಕೂಡುತ್ತೇನೆಂದ. ಬೀಳುವುದನ್ನು ಮೊದಲಿಂದ ಕೊನೆವರೆಗೆ ಕಣ್ಣಾರೆ ನೋಡಬೇಕು, ನೀವು ಬೆಳಗಿನಿಂದ ಉಂಡಿಲ್ಲ, ಮನೆಗೆ ಹೋಗಿ ಬನ್ನಿ ಎಂದ. ಮಾಳವ್ವ ಮನಸ್ಸಿಲ್ಲದೆ ಹೋದಳು. ಪಡಸಾಲೆಯಲ್ಲಿ ಕೂತು ಕೈ ತೊಳೆಯುವಷ್ಟರಲ್ಲಿ ಪಂಚಾಯಿತಿಯ ಮೇಲಿನ ಸೈರನ್ನು ಕೂಗಿತು. ಅದು ಊರಿಗೆಲ್ಲ ಕೊಡುವ ಮೊದಲ ಸೂಚನೆ. ಮೋಡದಲ್ಲಿ ವಿದ್ಯುತ್ತು ಕೂಡುತ್ತಿದೆ, ಬಯಲಲ್ಲಿರಬೇಡಿ ಎಂದು ಅದರ ಅರ್ಥ. ಅದರ ಬೆನ್ನಿಗೇ ಚೌಕ ಚೌಕದ ಭಾರೀ ಲೆಕ್ಕ ಶುರುವಾಗುತ್ತಿತ್ತು.

ಸೈರನ್ನು ಕೂಗುವಾಗ ಮಾಳವ್ವ ಊರೊಳಗೆ ಇದ್ದದ್ದು ಅದೇ ಮೊದಲು. ಈವರೆಗಿನ ಪ್ರತಿ ಮೋಡಕ್ಕೂ ಅವಳು ಆ ತಂಪು ಕೋಣೆಯಲ್ಲಿ, ಫ್ಯಾನುಗಳ ಸದ್ದಿನಲ್ಲಿ ಕೂತಿರುತ್ತಿದ್ದಳು.

ದ್ಯಾಮವ್ವ ಎದ್ದು ಹೋಗಿ ಬೋರಿನ ಮೋಟಾರಿನ ಗುಂಡಿ ಒತ್ತಿದಳು. ಪಕ್ಕದ ಮನೆಯಲ್ಲೂ ಒಂದು ಮೋಟಾರು ಗುನುಗಿತು. ಅದರಾಚೆ ಇನ್ನೊಂದು. ಕೇರಿಯ ಉದ್ದಕ್ಕೂ ಒಂದಾದ ಮೇಲೊಂದು ಬೋರುಗಳು ಎದ್ದವು. ಮೇಲಿನ ಟ್ಯಾಂಕುಗಳಿಗೆ ನೀರು ಬೀಳುವ ಸದ್ದು ಮಳೆಗಿಂತ ಮುಂಚೆ ಮಳೆಯಂತೆ ಕೇಳಿತು. ಹೆಂಗಸರು ಬುಟ್ಟಿಗಳಲ್ಲಿ ಜೋಳ, ಗೋಧಿ ಹೊತ್ತು ಫಕೀರಪ್ಪನ ಗಿರಣಿಯ ಕಡೆ ಓಡುತ್ತಿದ್ದರು. ಗಿರಣಿಯ ಕಲ್ಲು ಗರಗರ ತಿರುಗಿತು. ಮಾಳವ್ವನ ತಲೆಯ ಮೇಲಿನ ದೀಪ ಮಂಕಾಗಿ ಕೆಂಪಗಾಯಿತು.

ಏನಿದು ಎಂದು ಅವಳು ಅತ್ತೆಯನ್ನು ಕೇಳಿದಳು. ದ್ಯಾಮವ್ವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಸಿಡಿಲು ಹತ್ತಿರ ಬಂದ ಕೂಡಲೇ ಟ್ರಾನ್ಸ್‌ಫಾರ್ಮರ್ ಸುಟ್ಟೀತೆಂದು ಲೈನ್ ತೆಗೆಯುತ್ತಾರೆ, ಮತ್ತೆ ಕರೆಂಟು ಬರುವುದು ಒಂದು ದಿನವೋ ಎರಡು ದಿನವೋ ಕಳೆದ ಮೇಲೆ. ಮೊದಲೆಲ್ಲ ಯಾವಾಗ ಹೋಗುತ್ತದೋ ತಿಳಿಯದೆ ಜನ ಬರಿಗೊಡ ಇಟ್ಟುಕೊಂಡು ಕೂಡುತ್ತಿದ್ದರು. ಈಗ ಸೊಸೆಯ ಪುಣ್ಯದಿಂದ ಮುಂಚೆಯೇ ತಿಳಿಯುತ್ತದೆ. ಊರೆಲ್ಲ ನೀರು ತುಂಬಿಕೊಳ್ಳುತ್ತದೆ, ಹಿಟ್ಟು ಮಾಡಿಸಿಕೊಳ್ಳುತ್ತದೆ. ಎರಡು ವರ್ಷದಿಂದ ಒಬ್ಬರನ್ನೊಬ್ಬರು ನೋಡಿ ಕಲಿತದ್ದು, ಈಗ ಎಲ್ಲ ಮನೆಯ ರೂಢಿ. ಇದನ್ನು ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ಇತ್ತು.

ಮಾಳವ್ವ ಚಪ್ಪಲಿ ಮೆಟ್ಟದೆ ಓಡಿದಳು. ಗೋದಾಮು ತಲುಪುವಷ್ಟರಲ್ಲಿ ಇಮ್ತಿಯಾಜ್ ಬಾಗಿಲಲ್ಲಿ ನಿಂತಿದ್ದ. ಈ ಸಲ ಬಿದ್ದದ್ದು ಮೂರನೆಯ ಜಾಗದ್ದಲ್ಲ, ಮತ್ತೆ ಏಳನೆಯ ಜಾಗದ್ದು, ಎಂದರೆ ಕಾರ್ಡಿನ ದೋಷ ಅಲ್ಲವೇ ಅಲ್ಲ ಎಂದ. ಅವಳು ಉಸಿರು ತಿರುಗಿಸಿಕೊಂಡು ಕಂಡದ್ದನ್ನು ಹೇಳಿದಳು. ಅವನು ಒಳಗೆ ಹೋಗಿ ಯಂತ್ರ ಬರೆದಿಟ್ಟುಕೊಂಡಿದ್ದ ವೋಲ್ಟೇಜಿನ ಗೆರೆಯನ್ನು ಪರದೆಯ ಮೇಲೆ ಎಳೆದ. ಸೈರನ್ನು ಕೂಗಿದ ಕಡೆಯಿಂದ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ತಾನು ಈ ಗೆರೆಯನ್ನು ಹಿಂದೆಯೂ ನೋಡಿದ್ದೆ, ಮೋಡದಿಂದ ಹೀಗಾಗುತ್ತದೆಂದು ಬಿಟ್ಟಿದ್ದೆ ಎಂದ. ಏಳನೆಯ ಜಾಗ ಕರೆಂಟು ಬರುವ ತಂತಿಗೆ ಎಲ್ಲಕ್ಕಿಂತ ದೂರದ್ದು. ಸೊರಗಿದ ಕರೆಂಟಿಗೆ ಮೊದಲು ಸೋಲುವುದು ಅದೇ.

ಅವರು ಯಂತ್ರವನ್ನು ಪರೀಕ್ಷೆ ಮಾಡಿದ್ದರು, ಊರನ್ನು ಮಾಡಿರಲಿಲ್ಲ. ಬಿಸಿಲಿನ ದಿನ ಸೈರನ್ನು ಕೂಗಿಸದೆ ಲೆಕ್ಕ ಓಡಿಸಿದರೆ ಊರು ಸುಮ್ಮನಿರುತ್ತಿತ್ತು, ಯಂತ್ರ ಗೆಲ್ಲುತ್ತಿತ್ತು. ಯಂತ್ರ ಎಚ್ಚರಿಸಿದೊಡನೆ ಊರು ಎದ್ದು ಯಂತ್ರದ ಬಾಯಿಂದಲೇ ಕರೆಂಟು ಕಿತ್ತುಕೊಳ್ಳುತ್ತಿತ್ತು.

ಮಾಳವ್ವ ಅಂದು ಮನೆಯಲ್ಲಿ ಈ ಮಾತು ತೆಗೆದಾಗ ಫಕೀರಪ್ಪ ಸಿಟ್ಟಾದ. ಮೋಡದ ದಿನ ಗಿರಣಿ ನಿಲ್ಲಿಸಿದರೆ ಎರಡು ದಿನ ಜನ ಏನು ಉಣ್ಣಬೇಕು ಎಂದು ಕೇಳಿದ. ತನ್ನ ಕಲ್ಲು ತಿರುಗಿದರೆ ಊರಾಚೆಯ ಕಾರ್ಡು ಬೀಳುತ್ತದೆ ಎಂಬುದನ್ನು ನಂಬಲು ತಾನು ಕೂಸಲ್ಲ ಎಂದ. ಹಾಗಾದರೆ ತೋರಿಸುತ್ತೇನೆ ಎಂದಳು ಮಾಳವ್ವ. ಇಮ್ತಿಯಾಜ್ ಸುಮ್ಮನೆ ಒಮ್ಮೆ ಸೈರನ್ನು ಕೂಗಿಸಿ ನೋಡೋಣವೆಂದಿದ್ದ. ಅವಳು ಒಪ್ಪಿರಲಿಲ್ಲ. ಒಂದು ಸುಳ್ಳು ಸೈರನ್ನು ಕೂಗಿದರೆ ಉಳಿದಿರುವ ಗಿಣಿಗಳಿಗೂ ಬಟ್ಟೆ ಸುತ್ತುತ್ತಾರೆ ಎಂದಿದ್ದಳು. ಅದರ ಬದಲು ಡಂಗುರ ಸಾರಿಸಿದಳು. ಮರುದಿನ ಬೆಳಗ್ಗೆ ಹಲಗೆ ಬಾರಿಸಿದ ಕೂಡಲೇ ಎಲ್ಲರೂ ಮೋಟಾರು ಹಚ್ಚಬೇಕು, ಒಬ್ಬೊಬ್ಬರು ಮನೆಯಲ್ಲಿದ್ದು ಉಳಿದವರು ಗೋದಾಮಿಗೆ ಬರಬೇಕು.

ಜನ ಜಾತ್ರೆಗೆ ಬಂದಂತೆ ಬಂದರು. ಕರೆಂಟಿಗೆ ಮುಹೂರ್ತ ಇಟ್ಟಿದ್ದಾರೆ, ಅಕ್ಷತೆ ತರಲಿಲ್ಲವಲ್ಲ ಎಂದು ಒಬ್ಬ ಮುದುಕ ಚೇಷ್ಟೆ ಮಾಡಿದ. ಇಮ್ತಿಯಾಜ್ ಪರದೆಯನ್ನು ಹೊರಗೆ ತಂದು ಬೇವಿನ ಮರದ ನೆರಳಿಗೆ ಇಟ್ಟಿದ್ದ. ಕರಿಯಪ್ಪ ಸತ್ತ ದಿನದ ಮೋಡವನ್ನು ಮತ್ತೆ ಯಂತ್ರಕ್ಕೆ ಉಣ್ಣಿಸಿದರು. ಬಯಲಿನ ನಕ್ಷೆ ಚೌಕ ಚೌಕವಾಗಿ ತುಂಬುತ್ತ ಹೋಯಿತು, ಹಳದಿ, ಕೇಸರಿ, ಕೆಂಪು. ತಮ್ಮ ತಮ್ಮ ಹೊಲ ಗುರುತಿಸಿ ಜನ ಬೆರಳು ತೋರಿದರು. ಆಮೇಲೆ ಹಲಗೆ ಬಾರಿಸಿದರು. ಊರ ಕಡೆಯಿಂದ ಮೋಟಾರುಗಳ ಸದ್ದು ಎದ್ದಿತು, ಗಿರಣಿಯಲ್ಲಿ ಫಕೀರಪ್ಪ ಕಲ್ಲು ತಿರುಗಿಸಿದ. ಪರದೆಯ ಮೂಲೆಯ ವೋಲ್ಟೇಜು ಒಂದೊಂದೇ ಮೆಟ್ಟಿಲು ಇಳಿಯಿತು. ನಕ್ಷೆ ಅರ್ಧ ತುಂಬಿದ್ದಾಗ ನಿಂತಿತು. ಉಳಿದರ್ಧ ಬೂದು ಬಣ್ಣದ್ದಾಗಿಯೇ ಉಳಿಯಿತು.

ಮಾಳವ್ವ ಎಲ್ಲವನ್ನೂ ಮತ್ತೊಮ್ಮೆ ಓಡಿಸಿದಳು. ಈ ಸಲ ಹಲಗೆ ಇಲ್ಲ, ಮೋಟಾರು ಇಲ್ಲ. ನಕ್ಷೆ ಪೂರ್ತಿ ತುಂಬಿತು. ಕರಿಯಪ್ಪ ನಿಂತಿದ್ದ ಎರಿ ಕಡುಕೆಂಪಾಗಿತ್ತು. ಅದಕ್ಕೆ ತಾಗಿಯೇ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಹಳ್ಳದ ಗುಂಟ ಹಳದಿ ಪಟ್ಟಿಯೊಂದು ಹರಿದಿತ್ತು.

ಆಗ ಜನಕ್ಕೆ ಅರ್ಥವಾಯಿತು. ಚೇಷ್ಟೆ ನಿಂತಿತು. ಗಿರಣಿಯಿಂದ ಬಂದ ಫಕೀರಪ್ಪ ಮೈಮೇಲಿನ ಹಿಟ್ಟನ್ನೂ ಝಾಡಿಸದೆ ಹಿಂದೆ ನಿಂತಿದ್ದ. ಯಾರೋ ಒಬ್ಬರು, ಅವತ್ತು ಗಿರಣಿ ಬಹಳ ಹೊತ್ತು ನಡೆದಿತ್ತು ಎಂದು ಮೆಲ್ಲಗೆ ಅಂದರು. ಇನ್ನೊಬ್ಬರು, ನಿಮ್ಮ ಮನೆಯಲ್ಲಿ ಎರಡು ಬೋರು ಇಲ್ಲವೇ ಎಂದರು. ಮಾತು ಕೈಮೀರುವ ಹಾಗೆ ಕಂಡಿತು.

ಕರಿಯಪ್ಪನ ಹೆಂಡತಿ ಸಣ್ಣೀರವ್ವ ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದಳು. ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು.

‘ಅವತ್ತ ನಮ್ಮನ್ಯಾಗೂ ಮೋಟಾರ ಚಾಲೂ ಇತ್ರೀ. ಅಂವ ತೊಯಿಸ್ಕೊಂಡು ಬರ್ತಾನ, ಬಂದಕೂಡ್ಲೇ ಬಿಸಿನೀರು ಬೇಕಂತಾನ ಅಂತ ನಾನ ಹಚ್ಚಿದ್ದೆ.’

ಆಮೇಲೆ ಯಾರೂ ಯಾರ ಬೋರನ್ನೂ ಎಣಿಸಲಿಲ್ಲ.

ಊರಿಗೆ ಬೇರೆ ಟ್ರಾನ್ಸ್‌ಫಾರ್ಮರ್ ಬೇಕೆಂದು ಇಮ್ತಿಯಾಜ್ ಬರೆದುಕೊಂಡು ಹೋದ. ಅದು ಬರುವ ತನಕ ಸೈರನ್ನು ಕೂಗಿದರೆ ಮೋಟಾರು, ಗಿರಣಿ ಎರಡೂ ನಿಲ್ಲಬೇಕು, ನೀರು ಹಿಟ್ಟು ಬೆಳಗಿನ ಹೊತ್ತೇ ಮಾಡಿಕೊಳ್ಳಬೇಕು ಎಂದು ಊರು ಒಪ್ಪಿತು. ಒಪ್ಪುವುದೇನೋ ಸುಲಭವಾಯಿತು. ಸೈರನ್ನು ಕೂಗಿ, ಲೈನು ಇನ್ನೂ ಇರುವಾಗ, ಮನೆಯಲ್ಲಿ ಬರಿಗೊಡ ಇಟ್ಟುಕೊಂಡು ಗುಂಡಿಯ ಮುಂದೆ ಕೈಕಟ್ಟಿ ಕೂಡುವುದು ಬೇರೆ ಮಾತು ಎಂಬುದು ಮಾಳವ್ವನಿಗೂ ಗೊತ್ತಿತ್ತು. ಹಾಲಪ್ಪನಿಗೆ ಎಲ್ಲವನ್ನೂ ಹೇಳಿ ಕಳಿಸಿದಳು. ಅವನು ಆಗಲೇ ಹಿಂಡು ಹೊಡೆದುಕೊಂಡು ಮೂಡಣದ ಎರಿಗೆ ಹೋಗಿದ್ದ. ಊರು ಸುಮ್ಮನಿರುತ್ತದೆಂದು ನಂಬಲು ತನ್ನಿಂದಾಗದು ಎಂದು ಉತ್ತರ ಬಂತು.

ಮುಂಗಾರಿನ ದೊಡ್ಡ ಮೋಡ ಬಂದದ್ದು ತೀರಾ ಕೆಟ್ಟ ದಿನ. ಎಲ್ಲೋ ಕಂಬ ಮುರಿದು ಬೆಳಗಿನಿಂದ ಕರೆಂಟಿರಲಿಲ್ಲ. ಯಾರ ಟ್ಯಾಂಕಿಗೂ ನೀರು ಏರಿರಲಿಲ್ಲ. ಮೂಡಣದ ಅಂಚು ನೀಲಿಯಾಗಿ, ಕಪ್ಪಾಗಿ, ಗುಡುಗು ನೆಲದಡಿಯಿಂದ ಬಂದಂತೆ ಕೇಳುವ ಹೊತ್ತಿಗೆ ಕರೆಂಟು ಬಂತು. ಅದರ ಹಿಂದೆಯೇ ತಟ್ಟೆಗಳ ಅಂಕಿ ಏರಿ ಸೈರನ್ನು ಕೂಗಿತು.

ಲೆಕ್ಕದ ಮನೆಯಲ್ಲಿ ಮಾಳವ್ವ ಒಬ್ಬಳೇ ಇದ್ದಳು. ಎಂಟು ಕಾರ್ಡುಗಳ ಫ್ಯಾನುಗಳೂ ಒಮ್ಮೆಗೇ ದನಿ ಏರಿಸಿದವು. ಅವಳು ನಕ್ಷೆಯನ್ನು ನೋಡಲಿಲ್ಲ, ವೋಲ್ಟೇಜನ್ನು ನೋಡುತ್ತಿದ್ದಳು. ಅದು ಒಂದು ಮೆಟ್ಟಿಲು ಇಳಿಯಿತು. ಇನ್ನೊಂದು ಇಳಿಯುತ್ತದೆಂದು ಕಾದಳು. ಇಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಇಳಿದದ್ದೂ ಮೇಲೇರಿತು. ಆಮೇಲೆ ಗೊತ್ತಾಯಿತು, ಅದು ದ್ಯಾಮವ್ವ. ಸೈರನ್ನಿಗೆ ಅವಳ ಕೈ ತಾನಾಗಿ ಗುಂಡಿಗೆ ಹೋಗಿತ್ತು. ಪಕ್ಕದ ಮನೆಯವರು ಗೋಡೆ ಆಚೆಯಿಂದ, ಸಿಡಿಲ ಲೆಕ್ಕದವಳ ಅತ್ತೆಗೇ ಬುದ್ಧಿ ಬೇಡವೇ ಎಂದು ಕೂಗಿದ್ದಕ್ಕೆ ಆರಿಸಿದ್ದಳು.

ನಕ್ಷೆಯ ಮೇಲೆ ಕುರಿಗಾರರ ಗಿಣಿಗಳು ಚುಕ್ಕಿಗಳಾಗಿ ಕಾಣುತ್ತಿದ್ದವು. ಹಾಲಪ್ಪನ ಚುಕ್ಕಿ ಮೊದಲ ಮೋಡದ ದಿನದಿಂದಲೂ ಇರಲಿಲ್ಲ. ಅವನು ಮೂಡಣದ ಎರಿಯಲ್ಲಿ ಎಲ್ಲೋ ಇದ್ದಾನೆಂಬುದಷ್ಟೇ ಅವಳಿಗೆ ತಿಳಿದಿತ್ತು. ಚೌಕಗಳು ತುಂಬುತ್ತಿದ್ದವು. ಮೂಡಣದ ಕಡೆ ಒಂದೊಂದಾಗಿ ಕೆಂಪಾಗುತ್ತಿದ್ದವು. ಲೆಕ್ಕ ಇನ್ನೂ ಮುಗಿದಿರಲಿಲ್ಲ, ಆ ಕೆಂಪಿನ ನಡುವೆ ಒಂದು ಚುಕ್ಕಿ ಮೂಡಿತು. ಅದರ ಸಂಖ್ಯೆಯನ್ನು ಅವಳು ಓದಬೇಕಿರಲಿಲ್ಲ, ಹಾಲಪ್ಪ ಗಿಣಿ ಹಚ್ಚಿದ್ದ.

ಲೆಕ್ಕ ಮುಗಿಯಿತು. ಯಂತ್ರ ತಾನೇ ಪ್ರತಿ ಚುಕ್ಕಿಗೂ ದಾರಿ ಆರಿಸಿ ರೇಡಿಯೋಗೆ ಕೊಟ್ಟಿತು. ಹಾಲಪ್ಪನಿಗೆ ಹೋದದ್ದು, ತೆಂಕಣ ದಿಕ್ಕಿಗೆ ನಡೆಯಿರಿ, ಕಲ್ಲುಗಣಿಯ ತಗ್ಗಿಗೆ ಇಳಿಯಿರಿ ಎಂಬ ಮಾತು. ಚುಕ್ಕಿ ಅಲುಗಲಿಲ್ಲ. ಮಾಳವ್ವ ತನ್ನದೇ ದನಿ ಅವನ ಕೋಲಿನಲ್ಲಿ ಮತ್ತೆ ಮತ್ತೆ ಅದನ್ನೇ ಹೇಳುತ್ತಿರುವುದನ್ನು ನೆನೆದಳು. ಕುರಿಗಳು ಗಾಳಿಗೆ ಬೆನ್ನು ಕೊಟ್ಟು ಗುಂಪುಗೂಡಿದರೆ ಅವನ್ನು ಎಬ್ಬಿಸುವುದು ಎಷ್ಟು ಕಷ್ಟವೆಂಬುದು ಅವಳಿಗೆ ಗೊತ್ತಿತ್ತು. ಮೈಕು ಹಚ್ಚಿ ತಾನೇ ಮಾತಾಡಲು ಬಾಯಿ ತೆರೆದಳು.

‘ಹಾಲೂ, ಊರು ಸುಮ್ಮನೈತಿ. ಲೆಕ್ಕ ಮುಗದೈತಿ. ನಡಿ.’

ಚುಕ್ಕಿ ಕದಲಿತು. ಒಂದು ಚೌಕ ದಾಟಿತು. ಬಹಳ ನಿಧಾನವಾಗಿ ಇನ್ನೊಂದನ್ನು ದಾಟಿತು. ಅಷ್ಟರಲ್ಲಿ ಲೈನು ತೆಗೆದರು, ಬ್ಯಾಟರಿ ಎದ್ದಿತು. ಮುದಿ ಬ್ಯಾಟರಿ ಚುಕ್ಕಿ ತಗ್ಗಿನ ಅಂಚು ಮುಟ್ಟುವ ತನಕ ಪರದೆಯನ್ನು ಉರಿಸಿ, ಆಮೇಲೆ ಸುಮ್ಮನಾಯಿತು. ಮಾಳವ್ವ ಕತ್ತಲಾದ ಕೋಣೆಯಲ್ಲಿ ಮಳೆಯ ಸದ್ದು ಕೇಳುತ್ತ ಕೂತಳು.

ಮರುದಿನ ಬೆಳಗ್ಗೆ ಊರಲ್ಲಿ ಕುಡಿಯಲು ನೀರಿರಲಿಲ್ಲ. ರಾಡಿ ತುಳಿದುಕೊಂಡು ಕೆರೆಗೆ ಹೋಗಿಬರುತ್ತಿದ್ದ ಹೆಂಗಸರು ಮಾಳವ್ವನನ್ನು ಕಂಡಲ್ಲಿ, ನಿನ್ನ ಕಾರ್ಡುಗಳನ್ನಾದರೂ ಕಳಿಸು, ಕೊಡ ಹೊರಲಿ ಎನ್ನುತ್ತಿದ್ದರು. ಫಕೀರಪ್ಪ ಗಿರಣಿಯ ಮುಂದೆ ಸಾಲಾಗಿದ್ದ ತುಂಬಿದ ಬುಟ್ಟಿಗಳನ್ನು ಒಳಗೆ ಎತ್ತಿಡುತ್ತಿದ್ದ, ಕರೆಂಟು ಬಂದ ಮೇಲೆ ಯಾರದು ಮೊದಲು ಎಂಬ ಜಗಳ ಆಗಲೇ ಶುರುವಾಗಿತ್ತು.

ಹಾಲಪ್ಪ ಹಿಂಡಿನೊಂದಿಗೆ ಹೊತ್ತೇರಿದ ಮೇಲೆ ಊರ ಅಂಚಿಗೆ ಬಂದ. ಎರಡು ಕುರಿ ಹಿಂದುಳಿದು ಎರಿಯಲ್ಲೇ ಸತ್ತಿದ್ದವು. ಉಳಿದವು ರಾಡಿಯಲ್ಲಿ ಮಿಂದು ಬಣ್ಣ ತಿಳಿಯದಂತಾಗಿದ್ದವು. ಊರಿನ ಆ ಕಡೆಯ ಮೊದಲ ಮನೆ ಸಣ್ಣೀರವ್ವನದು. ಅವನು ಕಟ್ಟೆಯ ಮೇಲೆ ಕೂತು, ಚಿಗವ್ವಾ, ಒಂದು ಚರಿಗೆ ನೀರು ಕೊಡು ಎಂದ.

ಸಣ್ಣೀರವ್ವ ಬಾಗಿಲಿಗೆ ಬಂದು ಅವನನ್ನು ತಲೆಯಿಂದ ಕಾಲಿನ ತನಕ ನೋಡಿದಳು.

‘ನೀರಿಲ್ಲೋ ತಮ್ಮಾ’ ಎಂದಳು. ‘ನಿನ್ನೆ ಹಚ್ಚಲಿಲ್ಲ.’

ಹಾಲಪ್ಪ ಎದ್ದು, ಬಾಗಿಲ ಬದಿಯಲ್ಲಿ ಬೋರಲು ಹಾಕಿದ್ದ ಅವಳ ಎರಡು ಕೊಡಗಳನ್ನು ತೆಗೆದುಕೊಂಡು ಕೆರೆಯ ಕಡೆ ನಡೆದ. ಕುರಿಗಳು ಅವನ ಹಿಂದೆ ಹೋದವು.